ತಪ್ಪು ನಂದೇ ಅಂತ ಬರೆದುಕೊಟ್ಟೆ, ಕ್ಲೇಮ್ ಹೋಯ್ತಾ?

ಪ್ರಶ್ನೆ: ಹೋದ ವಾರ ಸಂಜೆ ಸೇಡಂ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬರುತ್ತಿದ್ದೆ. ಎಡಗಡೆ ಒಳರಸ್ತೆಯಿಂದ ಸರಕ್ಕನೆ ನುಗ್ಗಿದ ಟಂಟಂ ಆಟೊ ನನ್ನ ಹಿಂದಿನ ಬಾಗಿಲಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಡ್ರೈವರ್ ಇಳಿದವನೇ ‘ತಪ್ಪು ನಿಂದೇ ಅದ, ರೊಕ್ಕ ಕೊಡು’ ಅಂತ ಶುರು ಮಾಡಿದ. ಜನ ಸೇರಿದರು. ಕೊನೆಗೆ ‘ನನ್ನದೇ ತಪ್ಪು, ರಿಪೇರಿ ಖರ್ಚು ಕೊಡುತ್ತೇನೆ’ ಎಂದು ಬರೆಸಿ ನನ್ನಿಂದ ಸಹಿ ಹಾಕಿಸಿಕೊಂಡರು. ಮೂರು ಸಾವಿರವನ್ನೂ ಕೊಟ್ಟೆ. ನನ್ನ ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ. ಈಗ ಗ್ಯಾರೇಜಿನವರು ‘ತಪ್ಪು ಒಪ್ಪಿಕೊಂಡಿದ್ದೀರಿ, ಕ್ಲೇಮ್ ಆಗಲ್ಲ. ಮರಕ್ಕೆ ಗುದ್ದಿತು ಅಂತ ಬರೆಯಿರಿ’ ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಕಲಬುರಗಿ

ಉತ್ತರ: ಗ್ಯಾರೇಜಿನವರ ಎರಡೂ ಮಾತು ತಪ್ಪು. ಎರಡನೆಯದಂತೂ ಅಪಾಯ.

ಫುಲ್ ಇನ್ಶೂರೆನ್ಸ್‌ನಲ್ಲಿ ಎರಡು ಭಾಗ ಇರುತ್ತವೆ. ನಿಮ್ಮ ಕಾರಿಗೆ ಆದ ಹಾನಿಗೆ ಓನ್ ಡ್ಯಾಮೇಜ್. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಥರ್ಡ್ ಪಾರ್ಟಿ. ತಪ್ಪು ಯಾರದು ಅನ್ನುವ ಲೆಕ್ಕ ಬರುವುದು ಥರ್ಡ್ ಪಾರ್ಟಿಯಲ್ಲಿ ಮಾತ್ರ. ನೀವೇ ರಿವರ್ಸ್ ತೆಗೆಯುವಾಗ ನಿಮ್ಮದೇ ಕಾಂಪೌಂಡಿಗೆ ಗುದ್ದಿದರೂ ಓನ್ ಡ್ಯಾಮೇಜ್‌ನಲ್ಲಿ ಹಣ ಬರುತ್ತದೆ, ಅಲ್ವಾ? ಅಲ್ಲಿ ಕಂಪನಿ ನೋಡುವುದೇ ಬೇರೆ. ಓಡಿಸಿದವರಿಗೆ ಸರಿಯಾದ ಲೈಸೆನ್ಸ್ ಇತ್ತೇ, ಕುಡಿದಿದ್ದರೇ, ಪಾಲಿಸಿ ಚಾಲ್ತಿಯಲ್ಲಿತ್ತೇ, ಬಿಳಿ ಬೋರ್ಡಿನ ಕಾರನ್ನು ಗಾಣಗಾಪುರಕ್ಕೆ ಬಾಡಿಗೆ ಹೊಡೆಯುತ್ತಿದ್ದರೇ. ಇದರಲ್ಲಿ ಯಾವುದೂ ಇಲ್ಲ ಅಂದರೆ ನಿಮ್ಮ ಬಾಗಿಲಿನ ರಿಪೇರಿ ಖರ್ಚು ಕೇಳುವುದು ನಿಮ್ಮ ಹಕ್ಕು.

ಇನ್ನು ಮರದ ಕಥೆ. ದಯವಿಟ್ಟು ಬೇಡ. ಹಾನಿ ಅಂದಾಜು ಮಾಡಲು ಬರುವ ಸರ್ವೇಯರ್ ನೆಗ್ಗು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ನೋಡುತ್ತಾರೆ. ಟಂಟಂನ ಮುಂಭಾಗ ತಾಗಿದ ಗುರುತು ಬೇರೆ, ಮರಕ್ಕೆ ತಾಗಿದ ಗುರುತು ಬೇರೆ. ಗೀರಿನೊಳಗೆ ಹಳದಿಯೋ ಹಸಿರೋ ಬಣ್ಣ ಉಜ್ಜಿಕೊಂಡು ಉಳಿದಿರುತ್ತದೆ. ತೊಗಟೆಯ ಚೂರು ಇರುವುದಿಲ್ಲ. ಒಮ್ಮೆ ಸುಳ್ಳು ಅಂತ ಗೊತ್ತಾದರೆ, ನ್ಯಾಯವಾಗಿ ಬರಬೇಕಿದ್ದ ಹಣವೂ ಹೋಗುತ್ತದೆ. ನಿಜ ಬರೆದರೆ ಸಿಗುವ ಕ್ಲೇಮಿಗೆ ಸುಳ್ಳು ಬರೆಯುವುದು ಯಾಕೆ ಅನ್ನುವುದೇ ನನಗೆ ಅರ್ಥವಾಗದ ವಿಷಯ. ಆದರೂ ಈ ಸಲಹೆ ಪ್ರತಿ ಊರಿನ ಗ್ಯಾರೇಜಿನಲ್ಲೂ ಪುಕ್ಕಟೆ ಸಿಗುತ್ತದೆ.

ಸಹಿ ಹಾಕಿದ ಚೀಟಿಯನ್ನು ಮುಚ್ಚಿಡಬೇಡಿ. ಫೋಟೊ ಇದ್ದರೆ ಕ್ಲೇಮ್ ಫಾರ್ಮಿನ ಜೊತೆಗೇ ಕೊಡಿ. ಜನ ಸುತ್ತುವರಿದಿದ್ದಾಗ ಬರೆಸಿಕೊಂಡರು ಅಂತ ಎರಡು ಸಾಲು ಸೇರಿಸಿ. ಪಾಲಿಸಿಯಲ್ಲಿ ಒಂದು ಷರತ್ತು ಇದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳುವಂತಿಲ್ಲ, ಹಣ ಕೊಡುತ್ತೇನೆ ಅನ್ನುವಂತಿಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಹಾಗಾಗಿ ಆ ಮೂರು ಸಾವಿರವನ್ನು ಕಂಪನಿ ನಿಮಗೆ ವಾಪಸ್ ಕೊಡುವುದಿಲ್ಲ. ಟಂಟಂನವರು ಮತ್ತೆ ಬಂದು ಇನ್ನಷ್ಟು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ‘ನನ್ನ ಇನ್ಶೂರೆನ್ಸ್ ಕಂಪನಿ ಇದು, ಪಾಲಿಸಿ ನಂಬರ್ ಇದು, ಅಲ್ಲಿ ಕೇಳಿ’ ಅಂದರೆ ಸಾಕು. ಅವರು ಕೋರ್ಟಿಗೆ ಹೋದರೂ ಆ ಚೀಟಿಯೊಂದೇ ತೀರ್ಮಾನ ಮಾಡುವುದಿಲ್ಲ. ಒಳರಸ್ತೆಯಿಂದ ಮುಖ್ಯ ರಸ್ತೆಗೆ ಬರುವವರು ನಿಂತು, ದಾರಿ ಬಿಟ್ಟು ಬರಬೇಕು. ಗುದ್ದು ಬಿದ್ದಿರುವುದು ನಿಮ್ಮ ಹಿಂದಿನ ಬಾಗಿಲಿಗೆ. ಅಂದರೆ ನಿಮ್ಮ ಕಾರು ಆಗಲೇ ಮುಕ್ಕಾಲು ಪಾಲು ದಾಟಿಯಾಗಿತ್ತು. ಅದೇ ದೊಡ್ಡ ಸಾಕ್ಷಿ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಆ ತಿರುವಿನ ಅಂಗಡಿಗಳಲ್ಲಿ ಸಿಸಿಟಿವಿ ಇದ್ದರೆ ಹೋಗಿ ಕೇಳಿ. ಕೆಲವೇ ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ. ಕಂಪನಿಗೂ ಇವತ್ತೇ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ. ಸರ್ವೇಯರ್ ನೋಡುವ ತನಕ ಬಾಗಿಲು ಬಿಚ್ಚಿಸಬೇಡಿ. ಒಂದು ವಾರ ತಡವಾಗಿದೆ ಅಂತ ಹೆದರಬೇಕಾಗಿಲ್ಲ. ನಿಜವಾದ ಕ್ಲೇಮನ್ನು ಬರೀ ತಡದ ಕಾರಣಕ್ಕೆ ತಿರಸ್ಕರಿಸಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಹೇಳಿದೆ.

ಆದರೆ ಕ್ಲೇಮ್ ಮಾಡುವ ಮೊದಲು ಒಂದು ಲೆಕ್ಕ ಹಾಕಿ. ಓನ್ ಡ್ಯಾಮೇಜ್ ಕ್ಲೇಮ್ ತೆಗೆದುಕೊಂಡರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆಗೆ ಬರುತ್ತದೆ, ತಪ್ಪು ಟಂಟಂನವರದೇ ಆಗಿದ್ದರೂ ಸರಿ. ಇದು ಅನ್ಯಾಯ ಅಂತ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ, ಆದರೆ ನಿಯಮ ಹಾಗಿದೆ. ನಿಮಗೆ ಈಗ 50 ಪರ್ಸೆಂಟ್ ಬೋನಸ್ ಇದೆ, ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 9,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮುಂದಿನ ವರ್ಷ ಬೋನಸ್ ಇಲ್ಲ, 4,500 ಹೆಚ್ಚು ಕಟ್ಟಬೇಕು. ಆಮೇಲೆ 20, 25, 35, 45 ಅಂತ ಒಂದೊಂದೇ ಮೆಟ್ಟಿಲು ಹತ್ತಿ ಮತ್ತೆ 50ಕ್ಕೆ ಬರುವಷ್ಟರಲ್ಲಿ ಒಟ್ಟು 11,250 ರೂಪಾಯಿ ಜಾಸ್ತಿ ಕಟ್ಟಿರುತ್ತೀರಿ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಡಿಮೆ ಆಗಬಹುದು. ಇದರ ಮೇಲೆ ಪ್ರತಿ ಕ್ಲೇಮಿಗೂ ನಿಮ್ಮ ಪಾಲು ಅಂತ 1,000 ಕಳೆಯುತ್ತಾರೆ, 1500 ಸಿಸಿ ಮೀರಿದ ಕಾರಾದರೆ 2,000. ಭಾಗಗಳ ಸವಕಳಿ (ಹಳೆಯದಾದ್ದಕ್ಕೆ ಬೆಲೆ ಇಳಿಸುವುದು) ಕಳೆಯದ ಬಂಪರ್ ಟು ಬಂಪರ್ ಪಾಲಿಸಿ ಅಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುತ್ತದೆ. ಟಿಂಕರಿಂಗ್, ಪೇಂಟಿಂಗ್ ಎಲ್ಲ ಸೇರಿ ಎಂಟೋ ಒಂಬತ್ತೋ ಸಾವಿರದಲ್ಲಿ ಮುಗಿಯುವುದಾದರೆ ಕೈಯಿಂದ ಕೊಟ್ಟು ಸುಮ್ನೆ ಇರುವುದೇ ಲಾಭ. ಮೂವತ್ತು ಸಾವಿರದ ಎಸ್ಟಿಮೇಟ್ ಬಂದರೆ ಕ್ಲೇಮ್ ಮಾಡಿ.

ಟಂಟಂನ ಥರ್ಡ್ ಪಾರ್ಟಿ ವಿಮೆಯಿಂದ ವಸೂಲಿ ಮಾಡಬಹುದೇ? ಮಾಡಬಹುದು. ಆದರೆ ಅದಕ್ಕೆ ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು, ಸಾಕ್ಷಿ ತರಬೇಕು, ವಕೀಲರಿಗೆ ಕೊಡಬೇಕು. ಒಂದು ಬಾಗಿಲಿಗಾಗಿ ಅಷ್ಟು ಓಡಾಡಿ ಅಂತ ನಾನು ಹೇಳಲಾರೆ.

ಪ್ರಶ್ನೆ: ಅಣ್ಣ, ಅತ್ತಿಗೆ ರಾತ್ರಿ ಬಸವಕಲ್ಯಾಣದ ಕಡೆಯಿಂದ ಹುಮನಾಬಾದಿಗೆ ಹೆದ್ದಾರಿ 65ರಲ್ಲಿ ಬರುತ್ತಿದ್ದರು. ಕಾರು ಅಣ್ಣನದೇ, ಓಡಿಸುತ್ತಿದ್ದವನೂ ಅವನೇ. ರಸ್ತೆ ಮೇಲೇ ನಿಲ್ಲಿಸಿದ್ದ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದಿನಿಂದ ಗುದ್ದಿದ್ದಾರೆ. ಅದಕ್ಕೆ ಲೈಟೂ ಇರಲಿಲ್ಲ, ರಿಫ್ಲೆಕ್ಟರೂ ಇರಲಿಲ್ಲ. ಅಣ್ಣನ ಕಾಲು, ಅತ್ತಿಗೆಯ ಕೈ ಮುರಿದಿವೆ. ಪೊಲೀಸರು ಕೇಸ್ ಹಾಕಿದ್ದು ಅಣ್ಣನ ಮೇಲೆ! ನಮಗೆ ಪರಿಹಾರ ಸಿಗುವುದೇ ಇಲ್ಲವೇ?
– ಓದುಗರು, ಬೀದರ್ ಜಿಲ್ಲೆ

ಉತ್ತರ: ಸಿಗುತ್ತದೆ. ಎಫ್‌ಐಆರ್ ಅನ್ನುವುದು ತನಿಖೆಯ ಶುರು, ತೀರ್ಪಲ್ಲ. ಕ್ರಿಮಿನಲ್ ಕೇಸಿನಲ್ಲಿ ಬೇಕಾಗುವಷ್ಟು ಗಟ್ಟಿ ಸಾಕ್ಷಿಯನ್ನು ಪರಿಹಾರದ ಕೇಸಿನಲ್ಲಿ ಕೇಳುವುದಿಲ್ಲ. ಯಾರ ಮಾತು ಹೆಚ್ಚು ನಂಬುವ ಹಾಗಿದೆ ಅಂತ ನೋಡುತ್ತಾರೆ.

ಅತ್ತಿಗೆಯವರದು ಸುಲಭದ ಕೇಸು. ಅವರು ಕಾರು ಓಡಿಸುತ್ತಿರಲಿಲ್ಲ, ಹಾಗಾಗಿ ಅವರ ಪಾಲಿನ ತಪ್ಪು ಅಂತ ಏನೂ ಇಲ್ಲ. ಎರಡು ವಾಹನಗಳ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದರೆ, ಅವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟ ಮಾಡಿದೆ. ಆದ್ದರಿಂದ ಅತ್ತಿಗೆಯವರ ಅರ್ಜಿಯನ್ನು ಬೇರೆಯಾಗಿ ಹಾಕಿ. ಗಂಡ ಹೆಂಡತಿ ಅಂತ ಒಂದರಲ್ಲೇ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ.

ಅಣ್ಣನ ವಿಷಯ ಬೇರೆ. ಹಿಂದಿನಿಂದ ಗುದ್ದಿದವರು ಅಂತರ ಬಿಡಲಿಲ್ಲ, ವೇಗ ಹೆಚ್ಚಿತ್ತು ಅಂತ ಎದುರಿನ ಕಂಪನಿಯ ವಕೀಲರು ವಾದ ಮಾಡೇ ಮಾಡುತ್ತಾರೆ. ಹೆದ್ದಾರಿಯಲ್ಲಿ ಕತ್ತಲೆಯಲ್ಲಿ ಲೈಟಿಲ್ಲದೆ ವಾಹನ ನಿಲ್ಲಿಸುವುದೂ ತಪ್ಪೇ. ಬೇರೆಯವರಿಗೆ ಅಪಾಯ ಆಗುವಂತೆ ವಾಹನ ನಿಲ್ಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ ಕಲಂ 122 ಹೇಳುತ್ತದೆ. ಇಂಥ ಕಡೆ ನ್ಯಾಯಮಂಡಳಿ ತಪ್ಪನ್ನು ಇಬ್ಬರಿಗೂ ಹಂಚಬಹುದು. ಪರಿಹಾರ 8 ಲಕ್ಷ ಅಂತ ತೀರ್ಮಾನವಾಗಿ, ಅಣ್ಣನ ಪಾಲಿನ ತಪ್ಪು 40 ಪರ್ಸೆಂಟ್ ಅಂತಾದರೆ ಕೈಗೆ ಬರುವುದು 4.80 ಲಕ್ಷ. ಇಡೀ ಜಗಳ ಆ ಪರ್ಸೆಂಟೇಜ್ ಮೇಲೆ.

ಅದನ್ನು ಇಳಿಸುವುದು ಕಾಗದ. ಸ್ಥಳ ಪಂಚನಾಮೆ ಮತ್ತು ಅದರ ಜೊತೆಗಿನ ನಕ್ಷೆಯ ಪ್ರತಿ ತೆಗೆದುಕೊಳ್ಳಿ. ಟ್ರೇಲರ್ ಡಾಂಬರಿನ ಮೇಲಿತ್ತೋ, ಪಕ್ಕದ ಮಣ್ಣಿನ ಮೇಲಿತ್ತೋ ಅಂತ ನಕ್ಷೆಯಲ್ಲಿ ನೋಡಿ. ಆರ್‌ಟಿಒ ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಹಿಂದಿನ ಲೈಟ್, ರಿಫ್ಲೆಕ್ಟರ್ ಬಗ್ಗೆ ಏನು ಬರೆದಿದ್ದಾರೆ ನೋಡಿ. ಟ್ರೇಲರನ್ನು ಆಗಲೇ ಬಿಟ್ಟುಕೊಟ್ಟಿದ್ದರೆ, ಅದಕ್ಕೆ ಹೊಸ ಕೆಂಪು ಟೇಪು ಅಂಟಿಸುವ ಮೊದಲೇ ತೆಗೆದ ಫೋಟೊಗಳನ್ನು ಹುಡುಕಿ. ಗಾಯಾಳುಗಳನ್ನು ಎತ್ತಿದವರು, ಆಂಬುಲೆನ್ಸ್ ಜೊತೆ ಬಂದವರ ಮೊಬೈಲಿನಲ್ಲಿ ಅವು ಇರುತ್ತವೆ. ಪೊಲೀಸರು ಪ್ರಾಥಮಿಕ ಅಪಘಾತ ವರದಿಯನ್ನು 48 ಗಂಟೆಯೊಳಗೆ ನ್ಯಾಯಮಂಡಳಿಗೆ, ವಿಮಾ ಕಂಪನಿಗೆ ಕಳಿಸಬೇಕು ಅಂತ 2022ರಿಂದ ನಿಯಮ ಇದೆ. ಅದರ ಪ್ರತಿಯನ್ನೂ ಕೇಳಿ. ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಮೆಮೊರಿ ಕಾರ್ಡನ್ನು ಹಾಗೇ ತೆಗೆದಿಡಿ. ವಾಟ್ಸ್ಆ್ಯಪಿನಲ್ಲಿ ಕಳಿಸಿದ ವಿಡಿಯೊ ಒಂದನ್ನೇ ನಂಬಿ ಕೂರಬೇಡಿ. ಕೋರ್ಟಿಗೆ ಕೊಡುವಾಗ ಎಲೆಕ್ಟ್ರಾನಿಕ್ ದಾಖಲೆಗೆ ಲಗತ್ತಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ ಬೇಕು. ಇನ್ನೊಂದು ಮಾತು: ಟ್ರ್ಯಾಕ್ಟರ್ ಬೇರೆ, ಟ್ರೇಲರ್ ಬೇರೆ. ಎರಡರ ನಂಬರನ್ನೂ ಹಾಕಿ ಎರಡಕ್ಕೂ ವಿಮೆ ಇದೆಯೇ ಅಂತ ನೋಡಿ. ನಮ್ಮ ಕಡೆ ಟ್ರ್ಯಾಕ್ಟರಿಗೆ ಇದ್ದು ಟ್ರೇಲರಿಗೆ ಇಲ್ಲದಿರುವುದು ಹೊಸದೇನಲ್ಲ.

ತಪ್ಪು ಸಾಬೀತು ಮಾಡದೆಯೇ ಗಂಭೀರ ಗಾಯಕ್ಕೆ 2.5 ಲಕ್ಷ ಕೊಡುವ ಕಲಂ 164 ಕೂಡ ಇದೆ. ಆದರೆ ಆ ಹಣ ಒಪ್ಪಿಕೊಂಡರೆ, ಎದುರಿನವರ ತಪ್ಪು ತೋರಿಸಿ ಪೂರ್ತಿ ಪರಿಹಾರ ಕೇಳುವ ಕಲಂ 166ರ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಕಾಲಿಗೆ ರಾಡ್ ಹಾಕಿದ್ದು, ತಿಂಗಳುಗಟ್ಟಲೆ ದುಡಿಮೆ ಇಲ್ಲದ್ದು ಎಲ್ಲ ಸೇರಿಸಿದರೆ ನಷ್ಟ ಎಷ್ಟು ಅಂತ ನೋಡದೆ ಸಹಿ ಹಾಕಬೇಡಿ. ಕಲಂ 166ರ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳು ಅಂತ ಕಾಯ್ದೆಯಲ್ಲಿದೆ. ಕಾಲು ವಾಸಿಯಾಗಲಿ ಆಮೇಲೆ ನೋಡೋಣ ಅನ್ನಬೇಡಿ. ಅಪಘಾತ ಆದ ಜಾಗದ ನ್ಯಾಯಮಂಡಳಿಯಲ್ಲೂ ಹಾಕಬಹುದು, ನೀವು ಇರುವ ಊರಿನದರಲ್ಲೂ ಹಾಕಬಹುದು.

ಪ್ರಶ್ನೆ: ಬೈಕಿನವರು ನನ್ನ ಕಾರಿಗೆ ಗುದ್ದಿದರು. ‘ಅರ್ಧ ತಪ್ಪು ನಿಮ್ಮದು’ ಅಂತ ನನ್ನದೇ ಕಂಪನಿಯವರು ರಿಪೇರಿ ಬಿಲ್ಲಿನಲ್ಲಿ ಅರ್ಧ ಕಡಿದಿದ್ದಾರೆ. ಇದು ಸರಿಯೇ?
– ಓದುಗರು, ಯಾದಗಿರಿ

ಉತ್ತರ: ಸರಿಯಲ್ಲ. ಮೊದಲ ಉತ್ತರದಲ್ಲಿ ಹೇಳಿದಂತೆ ಓನ್ ಡ್ಯಾಮೇಜ್‌ನಲ್ಲಿ ಅರ್ಧ ತಪ್ಪು, ಕಾಲು ತಪ್ಪು ಅನ್ನುವುದು ಇಲ್ಲವೇ ಇಲ್ಲ. ಬಹುಶಃ ಅವರು ಕಡಿದಿರುವುದು ಸವಕಳಿ. ಫೋನಿನಲ್ಲಿ ಮಾತಾಡಿದವರಿಗೆ ಅದನ್ನು ಬಿಡಿಸಿ ಹೇಳಲು ಬರದೆ ಹಾಗೆ ಅಂದಿರಬಹುದು. ಸರ್ವೇಯರ್ ವರದಿಯ ಪ್ರತಿ ಕೇಳಿ, ಕೊಡಬೇಕು. ಯಾವ ಷರತ್ತಿನ ಪ್ರಕಾರ ಎಷ್ಟು ಕಡಿದಿದ್ದೀರಿ ಅಂತ ಇಮೇಲ್‌ನಲ್ಲಿ ಕೇಳಿ.

ಉತ್ತರ ಸರಿ ಅನ್ನಿಸದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರಲಿಲ್ಲ, ಅಥವಾ ತಿರಸ್ಕರಿಸಿದರು ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಆನ್‌ಲೈನಿನಲ್ಲೂ ಹಾಕಬಹುದು, ಯಾದಗಿರಿಯಿಂದ ರೈಲು ಹತ್ತಬೇಕಾಗಿಲ್ಲ. ಒಂದು ವರ್ಷದೊಳಗೆ ಹಾಕಬೇಕು ಅಷ್ಟೇ. ಅದಕ್ಕೂ ಮೊದಲು ಗ್ರಾಹಕರ ಆಯೋಗಕ್ಕೆ ಹೋಗಬೇಡಿ. ಅಲ್ಲಿ ಕೇಸು ನಡೆಯುತ್ತಿದ್ದರೆ ಓಂಬುಡ್ಸ್‌ಮನ್ ನಿಮ್ಮ ದೂರು ತೆಗೆದುಕೊಳ್ಳುವುದಿಲ್ಲ. ಓಂಬುಡ್ಸ್‌ಮನ್ ಆದೇಶ ನಿಮಗೆ ಒಪ್ಪಿಗೆಯಾಗದಿದ್ದರೆ ಆಯೋಗದ ಬಾಗಿಲು ಆಮೇಲೂ ತೆರೆದೇ ಇರುತ್ತದೆ.