ಥ್ರಾಟಲ್ ಪೂರ್ತಿ ತಿರುಗಿಸಿದರೆ ಗಾಡಿ ಆಫ್: ಎಲೆಕ್ಟ್ರಿಕ್ ಡರ್ಟ್ ಬೈಕ್ ಕಟ್ಟುವವರ ಪ್ರಶ್ನೆಗಳು

ಪ್ರಶ್ನೆ: ನಾಲ್ವರು ಡಿಪ್ಲೊಮಾ ವಿದ್ಯಾರ್ಥಿಗಳು ಸೇರಿ 72 ವೋಲ್ಟಿನ ಡರ್ಟ್ ಬೈಕ್ ಕಟ್ಟಿದ್ದೇವೆ. 5 ಆಂಪಿಯರ್-ಅವರ್ ಸೆಲ್‌ಗಳ 20ಎಸ್ 8ಪಿ ಬ್ಯಾಟರಿ (ಎಂಟೆಂಟು ಸೆಲ್ ಸಮಾಂತರವಾಗಿ ಸೇರಿದ 20 ಗುಂಪುಗಳು ಸರಣಿಯಲ್ಲಿ), ಮೋಟಾರಿಗೆ ಕರೆಂಟ್ ಅಳೆದು ಕೊಡುವ 200 ಆಂಪಿಯರ್ ಕಂಟ್ರೋಲರ್. ನಿಧಾನವಾಗಿ ಓಡಿಸಿದರೆ ತೊಂದರೆಯಿಲ್ಲ. ಥ್ರಾಟಲ್ ಪೂರ್ತಿ ತಿರುಗಿಸಿದರೆ ಎರಡೇ ಸೆಕೆಂಡಿಗೆ ಗಾಡಿ ಆಫ್. ಕಂಟ್ರೋಲರ್ ಕೆಟ್ಟಿದೆಯೇ?
– ವಿದ್ಯಾರ್ಥಿಗಳು, ಮಂಡ್ಯ

ಉತ್ತರ: ಕಂಟ್ರೋಲರ್ ಬಿಚ್ಚಬೇಡಿ. ನೀವು ಬರೆದ ಲಕ್ಷಣ ನೋಡಿದರೆ ಸಂಪರ್ಕ ಕಡಿದುಹಾಕುತ್ತಿರುವುದು ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್), ಮತ್ತು ಅದು ಮಾಡುತ್ತಿರುವುದು ಸರಿಯಾದ ಕೆಲಸ. 200 ಆಂಪಿಯರ್ ಎಂಟು ಸೆಲ್‌ಗಳಿಗೆ ಹಂಚಿಹೋದರೆ ಒಂದೊಂದರ ಮೇಲೆ 25 ಆಂಪಿಯರ್ ಬೀಳುತ್ತದೆ. 5 ಆಂಪಿಯರ್-ಅವರ್ ಸೆಲ್‌ಗಳಲ್ಲಿ ಹೆಚ್ಚಿನವು ದೂರ ಓಡಲೆಂದು ಮಾಡಿದವು, ಸುಮಾರು 10 ಆಂಪಿಯರ್‌ಗೆ ಮಾತ್ರ ಯೋಗ್ಯ.

ಲೆಕ್ಕ ಹಾಕಿ ನೋಡಿ. ಸೆಲ್ಲಿನ ಒಳರೋಧ 35 ಮಿಲಿಓಮ್ ಎಂದಿಟ್ಟುಕೊಂಡರೆ ಇಡೀ ಪ್ಯಾಕಿನದು 20 × 35 ÷ 8, ಅಂದರೆ 87.5 ಮಿಲಿಓಮ್. 200 ಆಂಪಿಯರ್ ಎಳೆದಾಗ 17.5 ವೋಲ್ಟ್ ಒಳಗೇ ಕುಸಿಯುತ್ತದೆ. ಅರ್ಧ ಚಾರ್ಜಿನಲ್ಲಿ 73 ವೋಲ್ಟ್ ಇದ್ದ ಪ್ಯಾಕ್ 55ಕ್ಕೆ ಇಳಿಯುತ್ತದೆ, ಅಂದರೆ ಗುಂಪಿಗೆ ಸರಾಸರಿ 2.8 ವೋಲ್ಟಿನಷ್ಟು, ಯಾವುದೋ ಒಂದು ದುರ್ಬಲ ಗುಂಪು ಅದಕ್ಕಿಂತಲೂ ಕೆಳಗೆ ಜಾರುತ್ತದೆ, ಬಿಎಂಎಸ್ ಬಾಗಿಲು ಹಾಕುತ್ತದೆ. ಅಷ್ಟು ಹೊತ್ತಿನಲ್ಲಿ ಪ್ಯಾಕಿನೊಳಗೆ ಹುಟ್ಟುವ ಶಾಖ 3500 ವ್ಯಾಟ್. ಮೂರೂವರೆ ಇಸ್ತ್ರಿಪೆಟ್ಟಿಗೆಗಳನ್ನು ಸೀಟಿನ ಕೆಳಗೆ ಹಚ್ಚಿಟ್ಟಂತೆ. ಬಿಎಂಎಸ್ಸನ್ನು ಬೈಪಾಸ್ ಮಾಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಬೆಂಕಿ ಹೊತ್ತಿಕೊಳ್ಳುವುದು ಅಲ್ಲಿಂದಲೇ.

ಸದ್ಯಕ್ಕೆ ಕಂಟ್ರೋಲರ್ ಆ್ಯಪಿನಲ್ಲಿ ಬ್ಯಾಟರಿ ಕರೆಂಟನ್ನು 80 ಆಂಪಿಯರ್‌ಗೆ ಇಳಿಸಿ. ಸುಮಾರು 5.5 ಕಿಲೋವ್ಯಾಟ್ ಸಿಗುತ್ತದೆ, ಕಲಿಯಲು ಅಷ್ಟು ಧಾರಾಳ. 200 ಆಂಪಿಯರ್ ಬೇಕೇ ಬೇಕೆಂದರೆ ಮೋಲಿಸೆಲ್ ಪಿ42ಎ ಥರದ, 45 ಆಂಪಿಯರ್ ಕೊಡಬಲ್ಲ 4.2 ಆಂಪಿಯರ್-ಅವರ್ ಸೆಲ್‌ಗಳಲ್ಲಿ 20ಎಸ್ 10ಪಿ ಕಟ್ಟಿ. 200 ಸೆಲ್, ಸುಮಾರು 3 ಕಿಲೋವ್ಯಾಟ್-ಅವರ್, ಸೆಲ್‌ಗಳ ತೂಕವೇ 14 ಕೆಜಿ. ಒಳರೋಧ 16 ಮಿಲಿಓಮ್ ಎಂದು ಹಿಡಿದರೆ ಕುಸಿತ ಆರೂವರೆ ವೋಲ್ಟಿಗೆ ನಿಲ್ಲುತ್ತದೆ. ಬಿಎಂಎಸ್ 250 ಆಂಪಿಯರಿನದಿರಲಿ.

ಸೆಲ್ ಜೋಡಿಸುವ ಪಟ್ಟಿಯಲ್ಲೇ ಹೆಚ್ಚಿನವರು ಎಡವುತ್ತಾರೆ. 8 ಮಿ.ಮೀ. ಅಗಲ, 0.15 ಮಿ.ಮೀ. ದಪ್ಪದ ಶುದ್ಧ ನಿಕಲ್ ಪಟ್ಟಿ ಏಳೆಂಟು ಆಂಪಿಯರ್ ಹೊರುತ್ತದೆ, ಅಷ್ಟೇ. 10ಪಿ ಪ್ಯಾಕಿನಲ್ಲಿ ಒಂದೊಂದು ಸೆಲ್ಲಿಗೆ ಬೀಳುವ 20 ಆಂಪಿಯರ್‌ಗೆ ನಿಕಲ್ ಜೊತೆಗೆ ತಾಮ್ರದ ಹಾಳೆ ಸೇರಿಸಿ ವೆಲ್ಡ್ ಮಾಡಬೇಕು. ನಿಕಲ್ ಎಂದು ಹೇಳಿ ನಿಕಲ್ ಲೇಪದ ಉಕ್ಕನ್ನು ಮಾರುವವರೂ ಇದ್ದಾರೆ. ಅಯಸ್ಕಾಂತ ಎರಡಕ್ಕೂ ಅಂಟುವುದರಿಂದ ಆ ಪರೀಕ್ಷೆಗೆ ಅರ್ಥವಿಲ್ಲ. ಪಟ್ಟಿಯನ್ನು ಗೀಚಿ ಉಪ್ಪುನೀರಿನಲ್ಲಿ ರಾತ್ರಿಯಿಡೀ ಬಿಡಿ. ತುಕ್ಕು ಹಿಡಿದರೆ ಉಕ್ಕು.

ಪ್ರಶ್ನೆ: ತೋಟದ ಏರಿಯ ಮೇಲೆ, ಕೆಸರಿನಲ್ಲಿ ಐದು ನಿಮಿಷ ಓಡಿಸಿದರೆ ಮೋಟಾರಿನ ಮೇಲೆ ಕೈ ಇಡಲಾಗುವುದಿಲ್ಲ. ದೊಡ್ಡ ಕಂಟ್ರೋಲರ್ ಹಾಕಿಸಲೇ? ಹಿಂದಿನ ಸ್ಪ್ರಾಕೆಟ್ 42 ಹಲ್ಲಿನದು.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಬೇಡ, ಸ್ಪ್ರಾಕೆಟ್ ಬದಲಿಸಿ. ಮೋಟಾರಿನ ತಿರುಚುಬಲ ಫೇಸ್ ಕರೆಂಟಿಗೆ (ಅದರ ಸುರುಳಿಗಳಲ್ಲಿ ಹರಿಯುವ ಕರೆಂಟ್) ತಕ್ಕಂತೆ ಏರುತ್ತದೆ, ಶಾಖವಾದರೋ ಅದರ ವರ್ಗಕ್ಕೆ ತಕ್ಕಂತೆ. 42ರ ಜಾಗಕ್ಕೆ 54 ಹಲ್ಲು ಹಾಕಿದರೆ ಅದೇ ಎಳೆತಕ್ಕೆ ಶೇ 78ರಷ್ಟು ಕರೆಂಟ್ ಸಾಕು, ಸುರುಳಿಯ ಶಾಖ ಶೇ 60ಕ್ಕೆ ಇಳಿಯುತ್ತದೆ. ಬಿಟ್ಟುಕೊಡುವುದು ವೇಗ. ನಿಮ್ಮ ಮೋಟಾರು ನಿಮಿಷಕ್ಕೆ 5000 ಸುತ್ತಿನದು, ಹಿಂಚಕ್ರದ ಸುತ್ತಳತೆ 2.1 ಮೀಟರ್, ಈಗಿನ ಒಟ್ಟು ಅನುಪಾತ 7 ಎಂದುಕೊಂಡರೆ 90 ಕಿ.ಮೀ. ಇದ್ದ ಗರಿಷ್ಠ ವೇಗ 70ಕ್ಕೆ ಬರುತ್ತದೆ. ಕಬ್ಬಿನ ಗದ್ದೆಯ ಬದುವಿನಲ್ಲಿ 90ರ ವೇಗದಿಂದ ಏನು ಉಪಯೋಗ?

ಇನ್ನೊಂದು ಮಾತು. ಚಕ್ರ ಕೆಸರಿನಲ್ಲಿ ಸಿಕ್ಕಿಕೊಂಡಾಗ ಥ್ರಾಟಲ್ ಹಿಡಿದೇ ಇರಬೇಡಿ. ತಿರುಗದ ಮೋಟಾರಿನಲ್ಲಿ ಕರೆಂಟ್ ಮೂರು ಫೇಸುಗಳ ನಡುವೆ ಸರದಿ ಹಾಕದೆ ಒಂದೆರಡರಲ್ಲೇ ನಿಂತುಬಿಡುತ್ತದೆ, ಅವಕ್ಕೆ ಕರೆಂಟ್ ಕೊಡುವ ಮಾಸ್‌ಫೆಟ್‌ಗಳು (ಕಂಟ್ರೋಲರಿನೊಳಗಿನ ಸ್ವಿಚ್‌ಗಳು) ಸುಡುತ್ತವೆ. ಇಳಿದು ತಳ್ಳಿ. ಕಂಟ್ರೋಲರಿನಲ್ಲಿ ಮೋಟಾರಿನ ತಾಪ 110 ಡಿಗ್ರಿಗೆ ಬಂದಾಗ ಶಕ್ತಿ ಇಳಿಯಲಾರಂಭಿಸಿ 130ಕ್ಕೆ ನಿಲ್ಲುವಂತೆ ಹೊಂದಿಸಿ. ತಾಪದ ಸೆನ್ಸರ್ ಕೆಟಿವೈ (ಕಾದಷ್ಟೂ ರೋಧ ಏರುವ ಬಗೆ) ಆಗಿದ್ದು ಆ್ಯಪಿನಲ್ಲಿ ಎನ್‌ಟಿಸಿ (ಕಾದಷ್ಟೂ ರೋಧ ಇಳಿಯುವ ಬಗೆ) ಎಂದು ಆಯ್ದಿದ್ದರೆ ಓದುವ ತಾಪವೆಲ್ಲ ಸುಳ್ಳು. ಈಗಾಗಲೇ ವಿಪರೀತ ಕಾದಿದ್ದರೆ ಚಕ್ರ ಎತ್ತಿ, ಫೀಲ್ಡ್ ವೀಕನಿಂಗ್ (ಮೋಟಾರಿನ ಸುತ್ತು ಹೆಚ್ಚಿಸುವ ಆಯ್ಕೆ) ಆಫ್ ಮಾಡಿ, ಪೂರ್ತಿ ಥ್ರಾಟಲ್ ಕೊಟ್ಟು ನೋಡಿ: ಅದೇ ವೋಲ್ಟೇಜಿನಲ್ಲಿ ಸುತ್ತು ಮೊದಲಿಗಿಂತ ಹೆಚ್ಚಾಗಿ, ಎಳೆತ ಕಡಿಮೆಯಾಗಿದ್ದರೆ ಆಯಸ್ಕಾಂತಗಳು ಬಲ ಕಳೆದುಕೊಂಡಿವೆ ಎಂದರ್ಥ.

ಪ್ರಶ್ನೆ: ಹಾರಿ ಇಳಿದಾಗಲೆಲ್ಲ ಚೈನ್ ಕಳಚುತ್ತದೆ. ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ.
– ಓದುಗರು, ಹೆಬ್ಬಾಳ, ಮೈಸೂರು

ಉತ್ತರ: ಚೈನಿನ ಲೂಸ್ ನೋಡಬೇಕಾದ ಜಾಗವೇ ಬೇರೆ. ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ, ಸ್ವಿಂಗ್ ಆರ್ಮ್ (ಹಿಂಚಕ್ರ ಹಿಡಿದ ತೋಳು) ಎತ್ತುತ್ತಾ ಹೋಗಿ. ಮೋಟಾರಿನ ಸ್ಪ್ರಾಕೆಟ್, ಪಿವಟ್ (ಆ ತೋಳು ತಿರುಗುವ ಕೀಲು), ಹಿಂದಿನ ಆ್ಯಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತ್ಯಂತ ಬಿಗಿ. ಅಲ್ಲಿ 10–15 ಮಿ.ಮೀ. ಲೂಸ್ ಉಳಿಸಿ. ಶಾಕ್ ಕೂರಿಸಿ ಸ್ಟ್ಯಾಂಡ್ ಹಾಕಿದಾಗ ಜೋಲುವುದು ಕಂಡು ಗಾಬರಿಯಾಗಬೇಡಿ. ಆ ಜೋಲು ವಿಪರೀತ ಎನಿಸಿದರೆ ಮೋಟಾರು ಪಿವಟ್‌ನಿಂದ ದೂರ ಕೂತಿದೆ. ಮೌಂಟ್ ಪ್ಲೇಟ್ ಹೊಸದಾಗಿ ಕಡಿಸಿ ಹತ್ತಿರ ತನ್ನಿ. 420 ಚೈನ್ ಇಂಥ ಗಾಡಿಗೆ ಸಾಲದು, ದೊಡ್ಡ ಕೊಂಡಿಗಳ 520 ಹಾಕಿ. ಸ್ಪ್ರಾಕೆಟ್ಟನ್ನು ಮೋಟಾರ್ ಶಾಫ್ಟಿಗೆ ವೆಲ್ಡ್ ಮಾಡಿಸಬೇಡಿ, ಸೀಲ್ ಸುಟ್ಟುಹೋಗುತ್ತದೆ. ಲೇತಿನವರ ಹತ್ತಿರ ಕೀವೇ (ಸ್ಪ್ರಾಕೆಟ್ ಜಾರದಂತೆ ಬೆಣೆ ಕೂರುವ ತೋಡು) ಹಾಕಿಸಿ.

ರೀಜನ್ ಬ್ರೇಕ್ (ಮೋಟಾರನ್ನೇ ಜನರೇಟರ್ ಮಾಡಿ ವೇಗ ತಗ್ಗಿಸುವುದು) ಇದ್ದರೆ ಎಳೆತ ಚೈನಿನ ಕೆಳಭಾಗಕ್ಕೆ ಬರುತ್ತದೆ, ಹಾಗಾಗಿ ಅಲ್ಲಿ ಸ್ಪ್ರಿಂಗ್ ಟೆನ್ಷನರ್ ನಂಬಬೇಡಿ.

ಪ್ರಶ್ನೆ: ಬ್ಯಾಟರಿ ಕನೆಕ್ಟರ್ ಸಿಕ್ಕಿಸುವಾಗ ಪಟ್ ಎಂದು ಕಿಡಿ. ಪಿನ್ ಕಪ್ಪಾಗಿದೆ.
– ಓದುಗರು, ಮದ್ದೂರು

ಉತ್ತರ: ಕಂಟ್ರೋಲರಿನ ಖಾಲಿ ಕೆಪಾಸಿಟರ್‌ಗಳು ಒಮ್ಮೆಲೇ ತುಂಬಿಕೊಳ್ಳುವ ಕಿಡಿ ಅದು. 100 ಓಮ್, 5 ವ್ಯಾಟಿನ ವೈರ್‌ವೂಂಡ್ ರೆಸಿಸ್ಟರಿನ ಮೂಲಕ ಎರಡು ಸೆಕೆಂಡ್ ಮೊದಲು ಸಂಪರ್ಕ ಕೊಟ್ಟು, ಆಮೇಲೆ ನೇರ ಸಿಕ್ಕಿಸಿ. ಪೂರ್ತಿ ಚಾರ್ಜಾದ 84 ವೋಲ್ಟಿನಲ್ಲೂ ಕರೆಂಟ್ ಒಂದು ಆಂಪಿಯರ್ ದಾಟದು. ಕಪ್ಪಾದ ಪಿನ್ ಉಜ್ಜಿ ಬಳಸಬೇಡಿ, ಬದಲಿಸಿ. ಅದರ ರೋಧ ಹೆಚ್ಚಾಗಿರುತ್ತದೆ, ಓಡುವಾಗ ಕರಗುತ್ತದೆ.

ಪ್ರಶ್ನೆ: ಮನೆಯಲ್ಲಿ ಯಾದವಗಿರಿಯಲ್ಲಿ ತಯಾರಾದ ಹಳೆಯ ಯೆಜ್ಡಿ ಬೈಕಿನ ಫ್ರೇಮ್ ಇದೆ. ಅದಕ್ಕೇ ಮೋಟಾರು ಕೂರಿಸಿ ರಸ್ತೆಗೂ ಹೊಲಕ್ಕೂ ಬಳಸಬಹುದೇ?
– ಓದುಗರು, ಮೈಸೂರು

ಉತ್ತರ: ಎರಡಕ್ಕೂ ಬೇಡ. ದೊಡ್ಡ ಡರ್ಟ್ ಬೈಕಿನ ಸಸ್ಪೆನ್ಷನ್ ಸುಮಾರು 300 ಮಿ.ಮೀ. ಚಲಿಸುತ್ತದೆ, ಮುಂದೆ 21, ಹಿಂದೆ 18 ಇಂಚಿನ ಚಕ್ರ. ರಸ್ತೆಗೆಂದು ಮಾಡಿದ ಫ್ರೇಮಿಗೆ ಅದನ್ನು ಹೊಂದಿಸಹೊರಟರೆ ಕತ್ತರಿಸಿ ಹೊಸದೇ ಕಟ್ಟಬೇಕಾಗುತ್ತದೆ. ಕಾನೂನೂ ಒಪ್ಪದು. ಮೋಟಾರು 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ನೋಂದಣಿಯಿಂದ ವಿನಾಯಿತಿ. ಮನೆಯಲ್ಲಿ ಕಟ್ಟಿದ 72 ವೋಲ್ಟಿನ ಗಾಡಿ ಸ್ವಂತ ಜಮೀನಿನಲ್ಲೋ, ಮಾಲೀಕರು ಒಪ್ಪಿದ ಟ್ರ್ಯಾಕಿನಲ್ಲೋ ಓಡಲಿ. ಅಲ್ಲಿಗೆ ಪಿಕಪ್‌ನಲ್ಲಿ ಸಾಗಿಸಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಅಂಥ ಫ್ರೇಮ್ ಇನ್ನು ಹುಟ್ಟುವುದಿಲ್ಲ. ಅದರ ಹಳೆಯ ಎಂಜಿನ್ನನ್ನೇ ಹುಡುಕಿ ಕೂರಿಸಿ.