‘ತಂದರೆ ಏನು ಕೊಡ್ತೀಯ?’ ಅನ್ನುವ ಮಗ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಯಜಮಾನರು ಬೆಂಗಳೂರಿನಲ್ಲಿದ್ದಾರೆ, ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಬಂದಾಗಲೆಲ್ಲ ಮಗನಿಗೆ ಆಟದ ಸಾಮಾನು. ಹೋಮ್‌ವರ್ಕ್ ಮುಗಿಸಿದರೆ ಚಾಕೊಲೇಟ್ ಅಂತ ನಾನೂ ರೂಢಿ ಮಾಡಿಸಿಬಿಟ್ಟೆ. ಈಗ ಅವನಿಗೆ ಎಂಟು ವರ್ಷ. ಮೊನ್ನೆ ಅಜ್ಜಿ ಕನ್ನಡಕ ಕೇಳಿದರೆ, ‘ತಂದರೆ ಏನು ಕೊಡ್ತೀಯ?’ ಅಂದ. ಅತ್ತೆ ಮಾತಾಡದೆ ತಾವೇ ಎದ್ದು ಹೋದರು. ಎಲ್ಲ ಒಮ್ಮೆಲೇ ನಿಲ್ಲಿಸಿಬಿಡಲೇ?

ಉತ್ತರ: ನಿಮ್ಮ ಮಗ ಕೆಟ್ಟಿಲ್ಲ. ಮನೆಯಲ್ಲಿ ಕಲಿತ ಲೆಕ್ಕವನ್ನೇ ಅಜ್ಜಿಯ ಮುಂದೆ ಇಟ್ಟಿದ್ದಾನೆ, ಅಷ್ಟೇ.

1973ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಚಿತ್ರ ಬರೆಯುವ ಆಸೆಯಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಅಂತ ಮೊದಲೇ ಹೇಳಿದ್ದರು. ಆಮೇಲೆ ನೋಡಿದರೆ ಆ ಮಕ್ಕಳೇ ಚಿತ್ರ ಬರೆಯೋದು ಕಡಿಮೆ ಮಾಡಿದ್ದರು. ಮುಂಚೆ ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಅಂದರೆ ದೀಪಾವಳಿಗೆ ಹೊಸ ಅಂಗಿ, ಎಳ್ಳಮಾವಾಸ್ಯೆ ಜಾತ್ರೆಯ ಪೀಪಿ ಧಾರಾಳವಾಗಿ ಇರಲಿ. ‘ಇದು ಮಾಡಿದರೆ ಅದು’ ಅನ್ನುವ ವ್ಯಾಪಾರ ಮಾತ್ರ ಇನ್ನು ಬೇಡ.

ಅದರ ಜಾಗಕ್ಕೆ ಸುಮ್ನೆ ‘ಜಾಣ, ಜಾಣ’ ಅಂದರೂ ಸಾಲದು. ನಾನು ಚಿಕ್ಕವಳಿದ್ದಾಗ ತೋಟದಲ್ಲಿ ಉದುರಡಿಕೆ ಹೆಕ್ಕಿ ತರುತ್ತಿದ್ದೆ. ಅಜ್ಜ ಬುಟ್ಟಿಗೆ ಕೈ ಹಾಕಿ, ಮಣ್ಣು ಮೆತ್ತಿದ ಒಂದು ಅಡಿಕೆ ಎತ್ತಿ, ‘ಒಣಗಿದ ದರಗೆಲೆ ಕೆಳಗೆ ಇದ್ದದ್ದನ್ನೂ ಬಿಟ್ಟಿಲ್ಲ ನೋಡು’ ಅಂತ ಅಜ್ಜಿಗೆ ತೋರಿಸುತ್ತಿದ್ದರು. ಒಂದು ಪೈಸೆ ಕೊಟ್ಟವರಲ್ಲ. ಮರುದಿನ ನಾನು ಎಲ್ಲರಿಗಿಂತ ಮೊದಲು ತೋಟದಲ್ಲಿರುತ್ತಿದ್ದೆ. ನನ್ನ ಕೆಲಸವನ್ನು ಅವರು ಕಣ್ಣಿಟ್ಟು ನೋಡಿದ್ದರು, ಅಲ್ವಾ? ನೀವೂ ಹಾಗೇ ನೋಡಿ. ‘ಮಗ್ಗಿ ತಪ್ಪಿದರೂ ಬಿಡದೆ ಮೂರು ಸಲ ಬರೆದೆ’ ಅಂತ ಕಂಡದ್ದನ್ನೇ ಹೇಳಿ, ಬೆನ್ನು ಸವರಿ.

ಒಪ್ಪಿಕೊಂಡ ಹಳೆಯ ಬಾಕಿ ಇದ್ದರೆ ಕೊಟ್ಟುಬಿಡಿ. ‘ಚಾಕೊಲೇಟ್ ಲೆಕ್ಕ ಶುರು ಮಾಡಿದ್ದು ನಾನು, ಇನ್ನು ಬೇಡ ಮಗಾ’ ಅಂತ ನೇರವಾಗಿ ಹೇಳಿ. ಸ್ವಲ್ಪ ದಿನ ಹಟ ಜಾಸ್ತಿಯಾಗಬಹುದು. ಬೈಯಬೇಡಿ, ಮಣಿಯಲೂ ಬೇಡಿ. ಅತ್ತೆಗೂ ಹೇಳಿ: ಅವನು ಕನ್ನಡಕ ತಂದ ದಿನ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಥೆ ಹೇಳಲಿ.

ಕಷ್ಟ ಇರುವುದು ನಿಮ್ಮ ಯಜಮಾನರಿಗೆ. ದೂರ ಇರುವ ಸಂಕಟವನ್ನು ಅವರು ಆಟದ ಸಾಮಾನಿನಲ್ಲಿ ತುಂಬಿಸುತ್ತಿದ್ದಾರೆ. ತಪ್ಪು ಹೊರಿಸಬೇಡಿ. ಮುಂದಿನ ಸಲ ಬಂದಾಗ ಬ್ಯಾಗು ಜಗಲಿಯಲ್ಲಿಟ್ಟು, ಕಾಫಿ ಕುಡಿದು, ಮಗನ ಕೈ ಹಿಡಿದು ಸಂಕ ದಾಟಿ ಹಳ್ಳದ ಕಡೆ ಹೋಗಲಿ. ಏಡಿ ಯಾವ ಕಲ್ಲಿನ ಅಡಿಗಿದೆ ಅಂತ ಮಗನೇ ತೋರಿಸಲಿ. ಫೋನು ಮನೆಯಲ್ಲೇ ಇರಲಿ.