ಕೆ.ಜಿ.ಎಫ್‌ನಲ್ಲಿದ್ದ ಇಂಗ್ಲಿಷ್ ಮುತ್ತಜ್ಜನ ಬಗ್ಗೆ ಹುಡುಕಲು ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಅಜ್ಜಿಯ ತಂದೆ ಇಂಗ್ಲೆಂಡಿನವರು, 1900ರ ಆಸುಪಾಸಿನಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು, ಈಗ ಮನೆಯಲ್ಲಿ ಉಳಿದಿರುವುದು ಒಂದು ಫೋಟೊ ಮತ್ತು ಒಂದು ಹೆಸರು ಅಂತ ಬರೆದಿದ್ದೀರಿ. ಲಂಡನ್ನಿಗೆ ಕಾಗದ ಬರೆಯಬೇಕಾ, ದುಡ್ಡು ಕಟ್ಟುವ ವೆಬ್‌ಸೈಟಿಗೆ ಸೇರಬೇಕಾ ಎಂದು ಕೇಳಿದ್ದೀರಿ.

ಎರಡೂ ಈಗಲೇ ಬೇಡ. ಮೊದಲು ನಿಮ್ಮ ಅಮ್ಮನ ಹತ್ತಿರ ಒಂದು ಮಧ್ಯಾಹ್ನ ಕೂತುಕೊಳ್ಳಿ.

ನನ್ನ ಹೆಂಡತಿಯ ತವರಿನವರು ಕೆ.ಜಿ.ಎಫ್‌ನ ಆಂಗ್ಲೋ ಇಂಡಿಯನ್ನರು. ನಮ್ಮ ಅತ್ತೆಯ ಅಜ್ಜ ಯಾರು, ಎಲ್ಲಿಯವರು ಎಂದು ಪತ್ತೆ ಮಾಡಲು ನನಗೆ ಮೂರು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಎಂಟು ತಿಂಗಳು ಪೂರ್ತಿ ದಂಡ. ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದ್ದ ವಂಶವೃಕ್ಷದಲ್ಲಿ ಅದೇ ಹೆಸರು ಸಿಕ್ಕಿತು. ಅವರೇ ಇವರು ಎಂದು ನಂಬಿ, ಅವರ ಹಿಂದಿನ ನಾಲ್ಕು ತಲೆಮಾರು ಬರೆದುಕೊಂಡೆ. ಆಮೇಲೆ ನೋಡಿದರೆ ಆ ಮನುಷ್ಯ ಇಂಡಿಯಾಕ್ಕೆ ಬಂದೇ ಇರಲಿಲ್ಲ! ಅಷ್ಟು ದಿನವೂ ಅತ್ತೆಯ ಟ್ರಂಕಿನಲ್ಲಿ ಒಂದು ಹಳೆಯ ಪ್ರಾರ್ಥನೆ ಪುಸ್ತಕ ಇತ್ತು. ಅದರ ಮೊದಲ ಖಾಲಿ ಹಾಳೆಯಲ್ಲಿ ಮೂರು ಮಕ್ಕಳ ಹೆಸರು, ಹುಟ್ಟಿದ ತಾರೀಖು, ಕೊನೆಯಲ್ಲಿ ಊರಿನ ಜಾಗದಲ್ಲಿ 'ಚಾಂಪಿಯನ್ ರೀಫ್', ಕೆ.ಜಿ.ಎಫ್‌ನದೇ ಒಂದು ಗಣಿ. ನಾನು ಕೇಳಿರಲಿಲ್ಲ, ಅವರು ತೋರಿಸಿರಲಿಲ್ಲ, ಅಷ್ಟೇ.

ಆದ್ದರಿಂದ ಬೈಬಲ್, ಪ್ರಾರ್ಥನೆ ಪುಸ್ತಕ, ಶಾಲೆಯ ಸರ್ಟಿಫಿಕೇಟ್, ಗೋರಿಗೆ ಕಟ್ಟಿದ ರಸೀದಿ, ಏನಿದ್ದರೂ ಹೊರಗೆ ತೆಗೆಸಿ. ಆ ಫೋಟೊವನ್ನು ತಿರುಗಿಸಿ ನೋಡಿ. ಆ ಕಾಲದ ಫೋಟೊಗಳನ್ನು ದಪ್ಪ ರಟ್ಟಿಗೆ ಅಂಟಿಸುತ್ತಿದ್ದರು. ರಟ್ಟಿನ ಕೆಳಗೋ ಹಿಂದೆಯೋ ಸ್ಟುಡಿಯೊ ಹೆಸರು, ಊರು ಅಚ್ಚಾಗಿರುತ್ತದೆ. ಸ್ಟುಡಿಯೊ ಯಾವ ವರ್ಷಗಳಲ್ಲಿತ್ತು ಅಂತ ಗೊತ್ತಾದರೆ ಫೋಟೊದ ಕಾಲವೂ ಗೊತ್ತಾಗುತ್ತದೆ.

ಇನ್ನು ಹುಡುಕುವ ದಾರಿ. ನಿಮ್ಮ ಅಮ್ಮನಿಂದ ಅಜ್ಜಿಗೆ, ಅಜ್ಜಿಯಿಂದ ಅವರ ಅಪ್ಪನಿಗೆ, ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಬೇಕು. ಮಧ್ಯದ ಮೆಟ್ಟಿಲು ಹಾರಬೇಡಿ. ಇಂಗ್ಲೆಂಡಿನಲ್ಲಾದರೆ ಜನಗಣತಿಯ ಹಾಳೆಯಲ್ಲಿ ಮನೆ ಮಂದಿಯ ಹೆಸರೆಲ್ಲ ಸಿಗುತ್ತದೆ. ನಮ್ಮಲ್ಲಿ ಬ್ರಿಟಿಷರು ಮಾಡಿದ ಗಣತಿಯ ಮನೆಮನೆ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ, ಉಳಿದಿರುವುದು ಲೆಕ್ಕ ಮಾತ್ರ. ಹಾಗಾಗಿ ಇಲ್ಲಿ ಎಲ್ಲವೂ ಚರ್ಚಿನ ರಿಜಿಸ್ಟರಿನ ಮೇಲೆ ನಿಂತಿದೆ.

ಅದೃಷ್ಟಕ್ಕೆ, ಇಲ್ಲಿನ ಚರ್ಚುಗಳಲ್ಲಿ ಬರೆದ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಗಳ ನಕಲು ಲಂಡನ್ನಿಗೂ ಹೋಗುತ್ತಿತ್ತು. ಅವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ (ಅಲ್ಲಿಂದ ಇಂಡಿಯಾದ ಆಡಳಿತ ನೋಡುತ್ತಿದ್ದ ಕಚೇರಿ) ದಾಖಲೆಗಳಲ್ಲಿವೆ. ಒಂದೊಂದು ಪ್ರಾಂತ್ಯದ ಕಟ್ಟಿಗೂ ಒಂದು ಗುರುತಿದೆ: ಬಂಗಾಳಕ್ಕೆ ಎನ್/1, ಮದ್ರಾಸಿಗೆ ಎನ್/2, ಬೊಂಬಾಯಿಗೆ ಎನ್/3. ಕೋಲಾರ ಮೈಸೂರು ಸಂಸ್ಥಾನದಲ್ಲಿತ್ತು ನಿಜ, ಆದರೆ ಮೈಸೂರು, ಬೆಂಗಳೂರಿನ ಚರ್ಚಿನ ದಾಖಲೆಗಳು ಮದ್ರಾಸಿನ ಕಟ್ಟಿನಲ್ಲೇ ಇವೆ. ಎನ್/2 ಎನ್ನುವುದನ್ನು ಬರೆದಿಟ್ಟುಕೊಳ್ಳಿ. ಫ್ಯಾಮಿಲಿಸರ್ಚ್ ಎಂಬ ಸೈಟಿನಲ್ಲಿ ಇವುಗಳ ಹೆಸರಿನ ಪಟ್ಟಿ ಪುಕ್ಕಟೆ ನೋಡಬಹುದು. ಮೂಲ ಪುಟದ ಚಿತ್ರ ಫೈಂಡ್‌ಮೈಪಾಸ್ಟ್‌ನಲ್ಲಿದೆ, ಅದಕ್ಕೆ ದುಡ್ಡು. ಪಟ್ಟಿಯಲ್ಲಿ ಹೆಸರು ಸಿಕ್ಕಿದ ಮೇಲೆ ಒಂದು ತಿಂಗಳ ಮಟ್ಟಿಗೆ ಕಟ್ಟಿದರೆ ಸಾಕು. ಇದರ ಜೊತೆಗೆ ಫಿಬಿಸ್ ಅಂತ ಒಂದು ಸಂಘ ಇದೆ, ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳಿಗಾಗಿಯೇ 1998ರಲ್ಲಿ ಕಟ್ಟಿದ್ದು. ಅವರ ಡೇಟಾಬೇಸಿನಲ್ಲಿ ಹುಡುಕಲು ಸದಸ್ಯರಾಗಬೇಕಿಲ್ಲ.

ಪಟ್ಟಿಯನ್ನೇ ನಂಬಿ ನಿಲ್ಲಬೇಡಿ, ಮೂಲ ಪುಟ ನೋಡಲೇಬೇಕು. ಮಗುವಿನ ದೀಕ್ಷಾಸ್ನಾನದ ಸಾಲಿನಲ್ಲಿ ಅಪ್ಪನ ಕೆಲಸ, ವಾಸದ ಜಾಗ ಇರುತ್ತದೆ. ಮದುವೆಯ ಸಾಲಿನಲ್ಲಿ ಇಬ್ಬರ ವಯಸ್ಸು, ತಂದೆಯರ ಹೆಸರು, ಸಾಕ್ಷಿ ಹಾಕಿದವರ ಹೆಸರು. ಸಾಕ್ಷಿಗಳನ್ನೂ ಬಿಡಬೇಡಿ, ಎಷ್ಟೋ ಸಲ ಅಣ್ಣನೋ ಭಾವನೋ ಅಲ್ಲೇ ಸಿಗುತ್ತಾರೆ.

ಕೆ.ಜಿ.ಎಫ್ ಅಂದರೆ ಇನ್ನೊಂದು ಸುಳಿವಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಬಂದ ಮೇಲೆ, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ಗಣಿ ಕೆಲಸಗಾರರು ತುಂಬಾ ಜನ ಬಂದರು. ಅಲ್ಲಿನ ತಾಮ್ರ, ತವರದ ಗಣಿಗಳು ಸೊರಗಿದ್ದವು, ಆಳದ ಗಣಿಯ ಕೆಲಸ ಅವರಿಗೆ ಕೈವಶವಾಗಿತ್ತು. ನಿಮ್ಮ ಮುತ್ತಜ್ಜನ ಮನೆತನದ ಹೆಸರು (ಸರ್‌ನೇಮ್) 'ಟ್ರೆ', 'ಪೋಲ್' ಅಥವಾ 'ಪೆನ್' ಎಂದು ಶುರುವಾಗುತ್ತಾ ನೋಡಿ. ಅವು ಕಾರ್ನ್‌ವಾಲಿನ ಹೆಸರುಗಳು. ಹಾಗಿದ್ದರೆ ಮೊದಲು ಅಲ್ಲಿನ ಗಣಿ ಊರುಗಳಾದ ಕ್ಯಾಂಬೋರ್ನ್, ರೆಡ್ರೂತ್ ಕಡೆ ಹುಡುಕಿ. ಕಾರ್ನ್‌ವಾಲಿನವರು ಜಾಸ್ತಿ ಮೆಥಡಿಸ್ಟರು, ಅಂದರೆ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪಂಥದವರು. ಆದ್ದರಿಂದ ಆಂಗ್ಲಿಕನ್ ಚರ್ಚಿನ ಪುಸ್ತಕದಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕೈಬಿಡಬೇಡಿ. ಥ್ಯಾಕರ್ಸ್ ಡೈರೆಕ್ಟರಿಯ ಹಳೆಯ ಸಂಪುಟಗಳನ್ನೂ ತಿರುವಿ ಹಾಕಿ. ವರ್ಷವರ್ಷ ಯಾರು ಯಾವ ಊರಲ್ಲಿ ಏನು ಕೆಲಸದಲ್ಲಿದ್ದರು ಎಂಬ ಪಟ್ಟಿ ಅದರಲ್ಲಿದೆ. 1890ರಿಂದ ಇಂಗ್ಲೆಂಡಿನ ಬಂದರುಗಳಿಂದ ಹೊರಟ ದೂರದ ಹಡಗುಗಳ ಪ್ರಯಾಣಿಕರ ಪಟ್ಟಿಯೂ ಉಳಿದಿದೆ.

(ಮುತ್ತಜ್ಜ ಗಣಿಗೆ ಬರುವ ಮೊದಲು ಬೆಂಗಳೂರು ದಂಡಿನಲ್ಲಿ ಸಿಪಾಯಿಯಾಗಿದ್ದರೆ ದಾರಿ ಬೇರೆ. ಬ್ರಿಟನ್ನಿನ ಸೈನ್ಯದವರ ಕಾಗದಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದವು ಬ್ರಿಟಿಷ್ ಲೈಬ್ರರಿಯಲ್ಲಿ.)

ಹುಡುಕುವಾಗ 'ಆಂಗ್ಲೋ ಇಂಡಿಯನ್' ಪದದ ಬಗ್ಗೆಯೂ ಜೋಪಾನ. ಹಳೆಯ ಕಾಗದದಲ್ಲಿ ಆ ಪದ ಇಂಡಿಯಾದಲ್ಲಿದ್ದ ಬಿಳಿಯರಿಗೆ. ಮಿಶ್ರ ಮನೆತನದವರನ್ನು ಆಗ 'ಯುರೇಷಿಯನ್' ಎನ್ನುತ್ತಿದ್ದರು. ಸರ್ಕಾರ ಈಗಿನ ಅರ್ಥದಲ್ಲಿ ಬಳಸಿದ್ದು 1911ರ ಜನಗಣತಿಯಿಂದ.

ಒಂದು ಮಾತು ಮುಂಚೆಯೇ ಹೇಳುತ್ತೇನೆ. ಸಿಗುವುದೆಲ್ಲ ಹಿತವಾಗಿಯೇ ಇರುವುದಿಲ್ಲ. ನಮ್ಮ ಅತ್ತೆಯ ಅಜ್ಜನ ಮದುವೆ ಇಲ್ಲಿ ಆದದ್ದು 1908ರಲ್ಲಿ. ರಿಜಿಸ್ಟರಿನಲ್ಲಿ 'ಬ್ಯಾಚುಲರ್' ಎಂದಿದೆ. ಆಮೇಲೆ ಕ್ಯಾಂಬೋರ್ನಿನ 1911ರ ಜನಗಣತಿಯ ಹಾಳೆ ಸಿಕ್ಕಿತು. ಆ ವರ್ಷದ ಹಾಳೆಗಳು ಮನೆಯವರೇ ಕೈಯಾರೆ ತುಂಬಿದವು. ಗಂಡನ ಹೆಸರಿನ ಸಾಲೇ ಇಲ್ಲ. ಒಬ್ಬ ಹೆಂಗಸು ಓರೆ ಅಕ್ಷರದಲ್ಲಿ ತುಂಬಿದ್ದಾಳೆ: ಮದುವೆಯಾಗಿ 12 ವರ್ಷ, ಹುಟ್ಟಿದ ಮಕ್ಕಳು 3, ಬದುಕಿರುವವರು 2. ಅವಳ 1899ರ ಮದುವೆ ಸರ್ಟಿಫಿಕೇಟ್ ತರಿಸಿದೆ. ವರನ ಹೆಸರು, ವಯಸ್ಸು, ಅವನ ತಂದೆಯ ಹೆಸರು, ಎಲ್ಲ ಇಲ್ಲಿನ ರಿಜಿಸ್ಟರಿಗೆ ತಾಳೆಯಾಯಿತು. ಅತ್ತೆಗೆ ಹೇಳಲೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ಕೊನೆಗೆ ಹೇಳಿದೆ. ಎರಡು ದಿನ ಅವರು ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಾಫಿ ಕೊಡುತ್ತಾ, "ಆ ಎರಡು ಮಕ್ಕಳ ಹೆಸರೇನು?" ಎಂದು ಕೇಳಿದರು. ಈಗ ಅವು ಪ್ರಾರ್ಥನೆ ಪುಸ್ತಕದ ಅದೇ ಹಾಳೆಯಲ್ಲಿವೆ, ಅತ್ತೆಯೇ ಬರೆದದ್ದು. ನಿಮ್ಮ ಮನೆಯಲ್ಲಿ ಇಂಥದ್ದು ಬಂದರೆ ಯಾರಿಗೆ, ಹೇಗೆ ಹೇಳುವುದು ಎಂದು ಮೊದಲೇ ಯೋಚಿಸಿಕೊಂಡಿರಿ.

ಕೊನೆಯದಾಗಿ, ನಿಮ್ಮ ಪ್ರಶ್ನೆಯಲ್ಲಿ ಮುತ್ತಜ್ಜಿಯ ಮಾತೇ ಬಂದಿಲ್ಲ. ನಾನೂ ಹಾಗೇ ಮಾಡಿದ್ದೆ. ಬಿಳಿಯ ಗಂಡಸಿಗೆ ಹುಟ್ಟಿದಾಗಿನಿಂದ ಸಾಯುವವರೆಗೆ ಕಾಗದವಿದೆ. ಅವರನ್ನು ಮದುವೆಯಾದ ಇಲ್ಲಿನ ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಒಂದು ಕ್ರೈಸ್ತ ಹೆಸರು ಬಿಟ್ಟರೆ ಏನೂ ಇರುವುದಿಲ್ಲ. ನಮ್ಮ ಅತ್ತೆಯ ಅಜ್ಜಿಯ ಸಾಲಿನಲ್ಲಿ, ತಂದೆಯ ಹೆಸರಿನ ಜಾಗದಲ್ಲಿ ಬರೀ ಒಂದು ಗೀಟು ಎಳೆದಿದ್ದಾರೆ. ಆಕೆ ತಮಿಳುನಾಡಿನ ಗುಡಿಯಾತ್ತಂ ಹತ್ತಿರದ ಹಳ್ಳಿಯವರು, ಅಪ್ಪ ಗಣಿಯಲ್ಲಿ ಕೂಲಿಗೆ ಬಂದವರು ಎಂದು ಹೇಳಿದ್ದು ರಾಬರ್ಟ್‌ಸನ್‌ಪೇಟೆಯಲ್ಲಿದ್ದ 91 ವರ್ಷದ ದೂರದ ನೆಂಟರೊಬ್ಬರು. ಯಾವ ಲೈಬ್ರರಿಯಲ್ಲೂ ಅದು ಇಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು. ಲಂಡನ್ನಿನ ಕಾಗದ ಹತ್ತು ವರ್ಷ ಬಿಟ್ಟು ಹೋದರೂ ಅಲ್ಲೇ ಇರುತ್ತದೆ, ಅದಕ್ಕೇ ಅಮ್ಮನ ಹತ್ತಿರ ಮೊದಲು ಕೂರಿ ಎಂದಿದ್ದು. ಮುತ್ತಜ್ಜಿಯ ಊರು, ಮನೆಮಾತು, ಕರೆಯುತ್ತಿದ್ದ ಹೆಸರು, ಇವನ್ನು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಫೋಟೊದ ಹಿಂದೆ ಸ್ಟುಡಿಯೊ ಹೆಸರಿದ್ದರೆ ಇಲ್ಲೇ ಬರೆಯಿರಿ. ಯಾವ ವರ್ಷಗಳದ್ದು ಅಂತ ಹಳೆಯ ಡೈರೆಕ್ಟರಿಗಳಲ್ಲಿ ನಾನು ಹುಡುಕಿ ಹೇಳುತ್ತೇನೆ.